ಖಳರಲ್ಲಿ ಸ್ನೇಹವುಂಟೆ?

ನಮ್ಮ ಸಂಘದ ಕಳೆದ ತಿಂಗಳ ಗೋಷ್ಠಿಯಲ್ಲಿ ಮಾನ್ಯ ಮಿತ್ರರೊಬ್ಬರು ಈಗಿನ ಮಕ್ಕಳ ವಿನೋದಗಳನ್ನು ಕುರಿತು ಉಪನ್ಯಾಸ ಮಾಡುತ್ತ, ‘ಮೈ ಹೀರೋ ಅಕಾಡೆಮಿಯಾ’ ಎಂಬ ಜಪಾನೀ ಆನಿಮೇಷನ್ ಮಾಲಿಕೆಯನ್ನು ಹೆಸರು ಹಿಡಿದು ಖಂಡಿಸಿದರು. ಅವರ ಆಕ್ಷೇಪವು ಮೂರು ಮಾತುಗಳಲ್ಲಿ ಅಡಗುವುದು. ಕಳ್ಳರೂ ಕೊಲೆಗಾರರೂ ಒಬ್ಬರನ್ನೊಬ್ಬರು ಒಡಹುಟ್ಟಿದವರಂತೆ ಪ್ರೀತಿಸುವರೆಂದು ತೋರಿಸುವುದು ಸುಳ್ಳು; ಸುಳ್ಳಲ್ಲವೆಂದರೂ ಎಳೆಯ ಮನಸ್ಸಿಗೆ ವಿಷ; ನಮ್ಮ ಕವಿಗಳಾರೂ ಇಂತಹ ಕೆಲಸಕ್ಕೆ ಕೈಯಿಕ್ಕಿದವರಲ್ಲ. ಸಭೆ ಕೈತಟ್ಟಿತು. ನಾನು ತಟ್ಟಲಿಲ್ಲ, ಎದ್ದು ಮಾತನಾಡಲೂ ಇಲ್ಲ. ಏಕೆಂದರೆ ಆ ಚಿತ್ರವನ್ನು ನಾನು ನೋಡಿರಲಿಲ್ಲ. ಕಾಣದ ಗ್ರಂಥವನ್ನು ಖಂಡಿಸುವುದೂ ಮಂಡಿಸುವುದೂ ಸಮಾನದೋಷವೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. ಆಮೇಲೆ ಮೊಮ್ಮಗಳ ಪಕ್ಕದಲ್ಲಿ ಕುಳಿತು, ಅರ್ಥವಾಗದುದನ್ನು ಅವಳಿಂದಲೇ ಹೇಳಿಸಿಕೊಳ್ಳುತ್ತ, ಖಳರ ಕಥೆ ಬರುವ ಭಾಗಗಳನ್ನೆಲ್ಲ ನೋಡಿದೆನು. ಈಗ ಮಾತನಾಡುವ ಅಧಿಕಾರ ಬಂದಿತೆಂದು ತಿಳಿದು ಬರೆಯುತ್ತಿರುವೆನು.

ವಾಚಕರಲ್ಲಿ ಈ ಕಥೆಯನ್ನರಿಯದವರು ಅನೇಕರಿರಬಹುದಾದುದರಿಂದ ಪ್ರಕೃತಕ್ಕೆ ಬೇಕಾದಷ್ಟನ್ನು ಹೇಳುವೆನು. ಇದು ಕೊಹೆಯಿ ಹೊರಿಕೋಶಿ ಎಂಬ ಚಿತ್ರಕಥಾಕಾರನು 2014 ರಿಂದ 2024 ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಪ್ರಕಟಿಸಿದ ಕಥೆ. ಬೋನ್ಸ್ ಎಂಬ ಚಿತ್ರಶಾಲೆಯವರು 2016 ರಲ್ಲಿ ಇದನ್ನು ಚಲಿಸುವ ಚಿತ್ರಗಳಾಗಿ ತೋರಿಸತೊಡಗಿದರು. 2025 ರಲ್ಲಿ ಅದು ಮುಗಿಯಿತು. ಈ ಕಥೆಯ ಲೋಕದಲ್ಲಿ ಹತ್ತು ಮಂದಿಯಲ್ಲಿ ಎಂಟು ಮಂದಿಗೆ ಯಾವುದಾದರೊಂದು ಅಲೌಕಿಕಶಕ್ತಿಯುಂಟು. ಅದನ್ನು ಬಳಸಲು ಸರ್ಕಾರದ ಪರವಾನಗಿ ಬೇಕು. ಪರವಾನಗಿ ಪಡೆದು ಜನರನ್ನು ಕಾಯುವವನು ವೀರ. ಅದು ಸಂಬಳದ ಉದ್ಯೋಗ. ವೀರರಿಗೆ ನಮ್ಮ ಶಾಲೆಯ ಹುಡುಗರಿಗೆ ಕೊಡುವಂತೆ ಒಂದನೆಯವನು ಎರಡನೆಯವನು ಎಂಬ ಸ್ಥಾನಗಳೂ ಉಂಟು. ಶಕ್ತಿಯನ್ನು ಕೇಡಿಗೆ ಬಳಸುವವನು ಖಳ. ಕೆಲವು ಖಳರು ಸೇರಿ ಕಟ್ಟಿಕೊಂಡ ತಂಡವೇ ಖಳರ ಒಕ್ಕೂಟ. ನಮ್ಮ ವಿವಾದಕ್ಕೆ ವಿಷಯವಾಗಿರುವುದು ಅದೇ.

ಈ ಒಕ್ಕೂಟದ ಜನ ಯಾರೆಂಬುದನ್ನು ಸ್ವಲ್ಪ ನೋಡಬೇಕು. ನಾಯಕನಾದ ಶಿಗರಾಕಿ ತೊಮುರಾ ಎಂಬವನು ಎಳವೆಯಲ್ಲಿ, ತನ್ನ ಕೈಗೆ ಬಂದ ಶಕ್ತಿ ಎಂತಹದೆಂದು ತಿಳಿಯದೆ, ಮುಟ್ಟಿ ಮುಟ್ಟಿ ಮನೆಯವರನ್ನೆಲ್ಲ ಕಳೆದುಕೊಂಡವನು. ಆಮೇಲೆ ಆ ಕೂಸು ಮೈಮೇಲೆ ಗಾಯಗಳನ್ನು ಹೊತ್ತು ಬೀದಿಯಲ್ಲಿ ಅಲೆಯುತ್ತಿದ್ದರೆ, ಹೋಗುವವರು ಬರುವವರೆಲ್ಲ ‘ಯಾರಾದರೂ ವೀರರು ಬಂದು ನೋಡಿಕೊಳ್ಳುವರು’ ಎಂದುಕೊಂಡು ದಾಟಿಹೋದರು. ತೊಗಾ ಹಿಮಿಕೊ ಎಂಬ ಹುಡುಗಿಗೆ ಹುಟ್ಟಿನಿಂದ ರಕ್ತದ ಮೋಹ; ಹೆತ್ತವರೇ ಅವಳನ್ನು ಪಿಶಾಚಿಯೆಂದು ಕರೆದು, ಎಲ್ಲರಂತೆ ನಗುವ ಮುಖವೊಂದನ್ನು ಕಟ್ಟಿಕೊಂಡು ಬದುಕಲು ಕಲಿಸಿದರು. ಸ್ಪಿನ್ನರನ ಮುಖ ಹಲ್ಲಿಯದಾದುದರಿಂದ ಊರು ಅವನನ್ನು ಮನುಷ್ಯರಲ್ಲಿ ಎಣಿಸಲಿಲ್ಲ. ಮ್ಯಾಗ್ನೆ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವಳು. ಒಕ್ಕೂಟದವರು ಅವಳನ್ನು ‘ಅಕ್ಕ’ ಎಂದೇ ಕರೆದರು. ಇನ್ನು ಬುಬೈಗವಾರ ಜಿನ್, ಟ್ವೈಸ್ ಎಂಬುದು ಅವನ ಅಡ್ಡಹೆಸರು. ಅವನ ವಿಷಯವನ್ನು ಮುಂದೆ ವಿಸ್ತಾರವಾಗಿ ಹೇಳುವೆನು.

ಮನುಸ್ಮೃತಿಯು ಹನ್ನೆರಡು ಬಗೆಯ ಪುತ್ರರನ್ನು ಎಣಿಸುವಲ್ಲಿ ‘ಅಪವಿದ್ಧ’ನೆಂಬವನೊಬ್ಬನುಂಟು. ತಂದೆತಾಯಿಗಳು ಬಿಸುಟುದನ್ನು ಮತ್ತೊಬ್ಬನು ಎತ್ತಿಕೊಂಡರೆ ಆ ಮಗು ಎತ್ತಿಕೊಂಡವನಿಗೆ ಅಪವಿದ್ಧಪುತ್ರ. ಈ ಒಕ್ಕೂಟದಲ್ಲಿರುವವರು ಹೆಚ್ಚಾಗಿ ಅಪವಿದ್ಧರೇ. ವಿಶೇಷವೇನೆಂದರೆ, ಎತ್ತಿಕೊಳ್ಳಲು ಬೇರೊಬ್ಬನು ಬಾರದೆ ಅಪವಿದ್ಧರೇ ಒಬ್ಬರನ್ನೊಬ್ಬರು ಎತ್ತಿಕೊಂಡರು. ಇದಕ್ಕೆ ಕುಟುಂಬವೆಂಬ ಹೆಸರನ್ನು ಕೊಡಬಾರದೆಂದು ನಮ್ಮ ಮಿತ್ರರು ಹೇಳುವರು. ಧರ್ಮಶಾಸ್ತ್ರವು ಕೊಟ್ಟಿರುವಾಗ ನಾವು ಕಿತ್ತುಕೊಳ್ಳುವುದು ಹೇಗೆ?

ಗೋಷ್ಠಿ ಮುಗಿದ ಬಳಿಕ ಜಗಲಿಯಲ್ಲಿ ನಿಂತು ಮಾತನಾಡುವಾಗ ಮಿತ್ರರು ಅಲಂಕಾರಶಾಸ್ತ್ರದ ಮೊರೆಯನ್ನೂ ಹೊಕ್ಕರು. ಅಯೋಗ್ಯಸ್ಥಾನದಲ್ಲಿ ಹುಟ್ಟಿದ ಭಾವವು ರಸವಾಗದೆ ರಸಾಭಾಸವಾಗುವುದು. ಅಭಿನವಗುಪ್ತನು ಸೀತೆಯಲ್ಲಿ ರಾವಣನಿಗಿದ್ದ ಅನುರಾಗವನ್ನು ಅದಕ್ಕೆ ಉದಾಹರಿಸಿದನು. ಆದುದರಿಂದ ಖಳರ ಸ್ನೇಹವೆಲ್ಲ ಸ್ನೇಹಾಭಾಸ, ಎಂದು ಅವರ ವಾದ. ಶಾಸ್ತ್ರವು ಸರಿ, ಅನ್ವಯವು ತಪ್ಪು. ರಾವಣನ ಅನುರಾಗವು ಆಭಾಸವಾದುದು ಅವನು ರಾಕ್ಷಸನೆಂಬುದರಿಂದಲ್ಲ; ಸೀತೆಯಲ್ಲಿ ಅದಕ್ಕೆ ಪ್ರತಿಯಾಗಿ ಏನೂ ಇಲ್ಲವೆಂಬುದರಿಂದ. ಅದೇ ರಾವಣನು ತಮ್ಮನಾದ ಕುಂಭಕರ್ಣನು ಮಡಿದಾಗ ಅತ್ತನಷ್ಟೆ. ಆ ಅಳುವನ್ನು ಕರುಣಾಭಾಸವೆಂದು ಹೇಳಿದ ಆಲಂಕಾರಿಕನನ್ನು ನಾನು ಕಾಣೆನು.

ಇನ್ನು ನಮ್ಮ ಕವಿಗಳು ಇಂತಹ ಕೆಲಸಕ್ಕೆ ಕೈಯಿಕ್ಕಲಿಲ್ಲವೆಂಬ ಮಾತು. ಇದನ್ನು ಆಡಿದವರು ಬಹುಕಾಲ ರನ್ನನ ಗದಾಯುದ್ಧವನ್ನು ಪಾಠ ಹೇಳಿದವರೆಂಬುದೇ ನನಗೆ ಆಶ್ಚರ್ಯ. ಹತ್ತನೆಯ ಶತಮಾನದ ಆ ಕವಿಯು ಯಾರ ಬೆನ್ನಹಿಂದೆ ನಮ್ಮನ್ನು ರಣರಂಗದಲ್ಲಿ ನಡೆಸಿದನು? ದುರ್ಯೋಧನನ ಬೆನ್ನಹಿಂದೆಯಲ್ಲವೆ? ಹೆಣಗಳನ್ನು ದಾಟುತ್ತ ದ್ರೋಣನಲ್ಲಿಗೆ, ತನ್ನ ಮಗನಲ್ಲಿಗೆ, ದುಶ್ಶಾಸನನಲ್ಲಿಗೆ, ಕೊನೆಗೆ ಕರ್ಣನಲ್ಲಿಗೆ ಅವನು ಬರುವಾಗ, ತರಗತಿಯಲ್ಲಿ ಪಾಠ ಹೇಳುತ್ತಿದ್ದ ಈ ಮಿತ್ರರ ಕೊರಳು ಕಟ್ಟುತ್ತಿದ್ದುದನ್ನು ಅವರ ಶಿಷ್ಯರು ಇಂದಿಗೂ ಹೇಳುವರು. ದ್ರೌಪದಿಯ ಮುಡಿಯನ್ನು ಹಿಡಿದವನಿಗಾಗಿ, ಹಿಡಿಸಿದವನು ಅಳುತ್ತಿದ್ದಾನೆ. ನಾವು ಪುಸ್ತಕವನ್ನು ಮುಚ್ಚುವುದಿಲ್ಲ. ಬಿ. ಎಂ. ಶ್ರೀಕಂಠಯ್ಯನವರಂತೂ ಆ ಕಾವ್ಯದಿಂದ ನಾಟಕವನ್ನೇ ಮಾಡಿದರು. ರನ್ನನು ಮಾಡಿದರೆ ಕಾವ್ಯ, ಜಪಾನೀಯನು ಮಾಡಿದರೆ ವಿಷ ಎಂಬುದು ನ್ಯಾಯವಲ್ಲ.

ಆದರೆ ಜಪಾನೀಯನು ನಿಜವಾಗಿ ಅದನ್ನು ಮಾಡಿದ್ದಾನೆಯೆ? ಇದಕ್ಕೆ ಟ್ವೈಸನ ಕಥೆಯನ್ನು ನೋಡತಕ್ಕದ್ದು.

ಈ ಜಿನ್ ಎಂಬವನು ಬಾಲ್ಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡವನು. ಹೊಟ್ಟೆಪಾಡಿಗಾಗಿ ಕೆಲಸಕ್ಕೆ ಸೇರಿ, ಒಂದು ದಿನ ಅವನ ಬೈಸಿಕಲ್ ಮೋಟಾರಿಗೆ ಒಬ್ಬರು ಅಡ್ಡಬಂದು ಪೆಟ್ಟು ತಿಂದುದರಿಂದ ಆ ಕೆಲಸವೂ ಹೋಯಿತು. ಯಾವುದನ್ನಾದರೂ ಎರಡಾಗಿ ಮಾಡುವುದು ಅವನ ಶಕ್ತಿ. ಮಾತನಾಡುವವರು ಯಾರೂ ಇಲ್ಲದೆ ತನ್ನದೇ ಪ್ರತಿರೂಪಗಳನ್ನು ಮಾಡಿಕೊಂಡನು. ಅವು ತಮ್ಮತಮ್ಮೊಳಗೆ ಜಗಳವಾಡಿ ಒಂದನ್ನೊಂದು ಕೊಂದವು. ಅಂದಿನಿಂದ ತಾನು ಮೂಲವೋ ನಕಲೋ ಎಂಬುದೇ ಅವನಿಗೆ ತಿಳಿಯದಾಯಿತು. ಮುಖವನ್ನು ಬಟ್ಟೆಯಿಂದ ಬಿಗಿಯದಿದ್ದರೆ ತಲೆ ಸೀಳಿ ಎರಡಾಗುವುದೆಂಬ ಭಯ. ಆಡುವ ಪ್ರತಿಯೊಂದು ಮಾತಿಗೂ ಮರುಕ್ಷಣವೇ ವಿರುದ್ಧವಾದ ಮಾತು. ಲೋಕದ ಕಣ್ಣಿಗೆ ಇವನು ಹುಚ್ಚ, ದರೋಡೆಗಾರ. ಒಕ್ಕೂಟವು ಇವನನ್ನು ಹುಚ್ಚನೆಂದು ತಳ್ಳಲಿಲ್ಲ. ಒಮ್ಮೆ ಮುಖವಾಡ ಹರಿದು ಅವನು ತತ್ತರಿಸುತ್ತಿದ್ದಾಗ ತೊಗಾ ತನ್ನ ಕರವಸ್ತ್ರವನ್ನು ಅವನ ತಲೆಗೆ ಸುತ್ತಿದಳು. ಅವಳು ಮಾಡಿದುದು ಇಷ್ಟೆ. ಪಂಪನ ಕರ್ಣನು ಕೃಷ್ಣನಿಗೆ ಉತ್ತರ ಹೇಳುವಾಗ, ಕೊಟ್ಟ ರಾಜ್ಯಕ್ಕಿಂತ ಭಾನುಮತಿಯ ನೆತ್ತದಾಟವನ್ನೂ ಹರಿದ ಮುತ್ತಿನ ಹಾರವನ್ನೂ ನೆನೆಯುವನಲ್ಲವೆ? ಋಣವು ದೊಡ್ಡ ದಾನದಿಂದ ಹುಟ್ಟುವುದಿಲ್ಲ. ನಂಬಿ ಮಾಡಿದ ಸಣ್ಣ ಕೆಲಸದಿಂದ ಹುಟ್ಟುವುದೆಂಬುದನ್ನು ಹೊರಿಕೋಶಿಯೂ ಬಲ್ಲನು.

ಮುಂದೆ ಟ್ವೈಸನು ನಂಬಿ ಕರೆತಂದ ಓವರ್‌ಹಾಲ್ ಎಂಬ ಕ್ರೂರಿಯು ಮ್ಯಾಗ್ನೆಯನ್ನು ಕೊಂದು, ಕಂಪ್ರೆಸ್ ಎಂಬ ಮತ್ತೊಬ್ಬ ಸಂಗಾತಿಯ ತೋಳನ್ನು ಕಿತ್ತನು. ಕರೆತಂದವನು ನಾನೇ ಎಂಬ ಸಂಕಟ ಅವನನ್ನು ಬಿಡಲಿಲ್ಲ. ಇನ್ನೊಂದು ಕಾಳಗದಲ್ಲಿ ತೊಗಾಳನ್ನು ಉಳಿಸಿಕೊಳ್ಳಲು ಹೋರಾಡುವಾಗ ಅವನ ಎಲುಬು ಮುರಿಯಿತು. ಪ್ರತಿರೂಪವಾಗಿದ್ದರೆ ಕರಗಿಹೋಗಬೇಕಾಗಿತ್ತು, ಕರಗಲಿಲ್ಲ. ತಾನೇ ಮೂಲವೆಂದು ಅವನಿಗೆ ಆಗ ತಿಳಿಯಿತು. ಅಷ್ಟು ವರ್ಷ ಕಾಡಿದ ಸಂಶಯವು ತೀರಿದುದು ಯಾವ ವೈದ್ಯನಿಂದಲೂ ಅಲ್ಲ, ಮತ್ತೊಬ್ಬರಿಗಾಗಿ ತಿಂದ ಪೆಟ್ಟಿನಿಂದ. ಇದನ್ನು ಸುಳ್ಳೆನ್ನುವವರು ಮನುಷ್ಯರನ್ನು ನೋಡಿಲ್ಲವೆಂದೇ ಹೇಳಬೇಕಾಗುವುದು.

ಅವನ ಸಾವು ಬರುವುದು ಹಾಕ್ಸ್ ಎಂಬ ವೀರನಿಂದ. ಹಾಕ್ಸ್ ಎರಡನೆಯ ಸ್ಥಾನದ ವೀರ. ಸರ್ಕಾರದ ಗೂಢಚಾರನಾಗಿ ಖಳರೊಳಗೆ ಸೇರಿ, ಎಲ್ಲರಿಗಿಂತ ಬೇಗ ನಂಬುವವನು ಟ್ವೈಸನೇ ಎಂದು ಕಂಡು, ಅವನ ಸ್ನೇಹವನ್ನು ಸಂಪಾದಿಸಿದನು. ಯುದ್ಧವು ತೊಡಗಿದ ದಿನ ಅವನನ್ನೇ ಮೊದಲು ಒಂದು ಕೋಣೆಯಲ್ಲಿ ಸೆರೆಹಿಡಿದು ಹೇಳಿದುದರ ತಾತ್ಪರ್ಯವಿಷ್ಟು: ನೀನು ಒಳ್ಳೆಯವನು, ನಿನ್ನ ಅದೃಷ್ಟ ಕೆಟ್ಟದು; ಶರಣಾಗು, ಹೊಸದಾಗಿ ಬಾಳಲು ನಾನು ನೆರವಾಗುವೆನು. ಟ್ವೈಸನು ಒಪ್ಪಲಿಲ್ಲ, ತನ್ನ ಉದ್ಧಾರ ತನಗೆ ಬೇಡ, ತನ್ನವರಿಗೆ ನೆರವಾಗುವುದೇ ತನಗೆ ಬೇಕೆಂದನು. ಸಂಗಾತಿಗಳತ್ತ ಓಡುತ್ತಿದ್ದ ಅವನನ್ನು ಹಾಕ್ಸ್ ಹಿಂದಿನಿಂದ ಇರಿದನು. ಸಾಯುವ ಹೊತ್ತಿನಲ್ಲಿ ಅವನ ಪ್ರತಿರೂಪವೊಂದು ತೊಗಾ ಮತ್ತು ಕಂಪ್ರೆಸರನ್ನು ಆಪತ್ತಿನಿಂದ ಬಿಡಿಸಿತು. ಆಮೇಲೆ ತೊಗಾಳ ಅಪ್ಪುಗೆಯಲ್ಲಿಯೇ ಕರಗಿಹೋಯಿತು.

ಇಲ್ಲಿ ಹಾಕ್ಸ್ ಮಾಡಿದುದು ಅನಿವಾರ್ಯವಾಗಿತ್ತೆಂದು ವಾದಿಸಬಹುದು. ಟ್ವೈಸನೊಬ್ಬನೇ ತನ್ನ ಪ್ರತಿರೂಪಗಳಿಂದ ನಾಡನ್ನು ಮುಳುಗಿಸಬಲ್ಲವನಾಗಿದ್ದನು. ಅವನನ್ನು ತಡೆಯದಿದ್ದರೆ ಸಾಯುವವರಿಗೆ ಲೆಕ್ಕವಿರುತ್ತಿರಲಿಲ್ಲ. ಈ ವಾದವನ್ನು ನಾನು ಒಪ್ಪುವೆನು. ನನ್ನ ಮನಸ್ಸು ಒಪ್ಪದಿರುವುದು ಕತ್ತಿಯನ್ನಲ್ಲ, ಆ ಕರೆಯನ್ನು. ನಿನ್ನವರನ್ನು ಬಿಟ್ಟು ಬಂದರೆ ನಿನ್ನನ್ನು ಒಳ್ಳೆಯವನೆಂದು ಎಣಿಸುವೆನೆಂದು ಹೇಳುವುದು ಯಾರಿಗೆ? ಲೋಕವೆಲ್ಲ ಬಿಟ್ಟಾಗ ಬಿಡದಿದ್ದವರನ್ನು ಬಿಡು ಎಂದಲ್ಲವೆ ಅದರ ಅರ್ಥ?

ಈ ಸ್ಥಳದಲ್ಲಿ ನನ್ನ ಒಂದು ಹಳೆಯ ತಪ್ಪನ್ನು ಹೇಳದೆ ಮುಂದುವರಿಯಲಾರೆನು. ನಾನು ಉಪಾಧ್ಯಾಯನಾಗಿದ್ದಾಗ ನಮ್ಮ ವಿದ್ಯಾರ್ಥಿನಿಲಯದ ಉಗ್ರಾಣದ ಬೀಗ ಒಡೆದು ನಾಲ್ವರು ಹುಡುಗರು ಬೆಲ್ಲ ಕೊಬ್ಬರಿಗಳನ್ನು ಕದ್ದರು. ಸಿಕ್ಕಿದವನು ಒಬ್ಬ, ತಾಯಿಯಿಲ್ಲದ ಹುಡುಗ. ನಾನು ಅವನನ್ನು ಕೋಣೆಗೆ ಕರೆದು, ನೀನು ಒಳ್ಳೆಯವನು, ಸಹವಾಸದಿಂದ ಕೆಟ್ಟೆ, ಉಳಿದವರ ಹೆಸರನ್ನು ಹೇಳು, ನಿನ್ನನ್ನು ಬಿಟ್ಟುಬಿಡುವೆನು ಎಂದೆನು. ಅವನು ಹೇಳಲಿಲ್ಲ. ಕದ್ದುದಕ್ಕೆ ನಾಲ್ಕು ಪೆಟ್ಟು, ಹೇಳದಿದ್ದುದಕ್ಕೆ ಎಂಟು ಕೊಟ್ಟೆನು. ಮರುದಿನ ಅವನ ಪೆಟ್ಟಿಗೆ ನಿಲಯದಲ್ಲಿರಲಿಲ್ಲ. ಮೂರನೆಯ ದಿನ ಉಳಿದ ಮೂವರೂ ತಾವಾಗಿ ಬಂದು ತಪ್ಪೊಪ್ಪಿಕೊಂಡರು. ಅಷ್ಟು ಹೊತ್ತಿಗೆ ಅವನು ಊರು ಬಿಟ್ಟಾಗಿತ್ತು, ಮತ್ತೆ ಶಾಲೆಗೆ ಬರಲಿಲ್ಲ. ಮೊದಲಿನ ನಾಲ್ಕು ಪೆಟ್ಟುಗಳನ್ನು ಇಂದಿಗೂ ಸಮರ್ಥಿಸುವೆನು. ಮೇಲಿನ ಎಂಟನ್ನು ಯಾವ ಅಪರಾಧಕ್ಕೆ ಕೊಟ್ಟೆನೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆ ಕೋಣೆಯಲ್ಲಿ ಹಾಕ್ಸ್ ಟ್ವೈಸನಿಗೆ ಬೋಧಿಸುವುದನ್ನು ನೋಡುವಾಗ ನನಗೆ ಕೇಳಿಸಿದುದು ನನ್ನದೇ ಧ್ವನಿ.

ಆದರೆ ಬೆಲ್ಲದ ಬದಲು ಯಾರದಾದರೂ ಪ್ರಾಣ ಹೋಗಿದ್ದರೆ ಆ ಹುಡುಗನ ಮೌನಕ್ಕೂ ಬೇರೆ ಹೆಸರಾಗುತ್ತಿತ್ತು. ಇದನ್ನು ಹೇಳಬೇಕಾದುದು ನಮ್ಮ ಮಿತ್ರರಿಗಲ್ಲ, ಈ ಚಿತ್ರವನ್ನು ಮೆಚ್ಚುವ ತರುಣರಿಗೆ. ನನ್ನ ಮೊಮ್ಮಗಳು ಟ್ವೈಸನ ಸಾವಿಗೆ ಅತ್ತು, ‘ತಾತ, ಇಷ್ಟು ಪ್ರೀತಿಸುವವನು ಕೆಟ್ಟವನು ಹೇಗಾಗುತ್ತಾನೆ?’ ಎಂದು ಕೇಳಿದಳು. ಅವಳ ಗೆಳತಿಯರ ಅಭಿಪ್ರಾಯವೂ ಅದೇ ಅಂತೆ: ಅವರು ಒಂದು ಕುಟುಂಬ, ಆದುದರಿಂದ ಅವರು ಒಳ್ಳೆಯವರು. ಇದು ನಮ್ಮ ಮಿತ್ರರ ವಾದದ ತಲೆಕೆಳಗಾದ ರೂಪವಷ್ಟೆ. ಕೆಟ್ಟವರಾದುದರಿಂದ ಪ್ರೀತಿಸಲಾರರೆಂದು ಅವರು, ಪ್ರೀತಿಸುವುದರಿಂದ ಕೆಟ್ಟವರಲ್ಲವೆಂದು ಇವರು. ಎರಡು ಪಕ್ಷದವರೂ ಪ್ರೀತಿಯು ಪಾಪದೊಡನೆ ಒಂದು ಮನೆಯಲ್ಲಿ ವಾಸಮಾಡಲಾರದೆಂದು ನಂಬಿರುವರು. ಪ್ರಪಂಚದಲ್ಲಿ ಅವು ನಿತ್ಯವೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಿವೆ.

ನನ್ನ ಪಕ್ಷ ಇದು. ಖಳನ ಸ್ನೇಹವು ನಿಜ. ನಿಜವಾದುದರಿಂದಲೇ ಅವನ ಅಪರಾಧವು ಹೆಚ್ಚು. ಹುಲಿಯು ಜಿಂಕೆಯನ್ನು ಕೊಂದರೆ, ಜಿಂಕೆಯ ಮರಿಯ ದುಃಖ ಅದಕ್ಕೆ ತಿಳಿಯದೆಂದು ಬಿಡುವೆವು. ಮ್ಯಾಗ್ನೆ ಸತ್ತಾಗ ಎದೆಯೊಡೆದುಕೊಂಡ ಟ್ವೈಸನಿಗೆ ಆ ವಿನಾಯಿತಿಯಿಲ್ಲ. ಒಕ್ಕೂಟದವರ ಕೈಯಲ್ಲಿ ಸತ್ತವರೂ ಯಾರಿಗೋ ಅಕ್ಕ, ಯಾರಿಗೋ ತಮ್ಮ. ಶಿಗರಾಕಿಯು ನೆಲಕ್ಕೆ ಕೈಯೂರಿ ಊರಿಗೆ ಊರನ್ನೇ ಧೂಳಾಗಿಸಿದಾಗ ಮನೆಗಳೊಳಗೆ ಎಷ್ಟು ಕರವಸ್ತ್ರಗಳಿದ್ದವೋ! ಟ್ವೈಸನ ಕಣ್ಣೀರಿನಲ್ಲಿ ಒಂದು ಹನಿಯಾದರೂ ಅವರಿಗಾಗಿ ಬಿದ್ದುದನ್ನು ನಾನು ಕಾಣೆನು. ಅಷ್ಟು ಮಾತ್ರವಲ್ಲ, ಇವರ ಎಷ್ಟೋ ಕೊಲೆಗಳು ಸ್ನೇಹದ ಹೆಸರಿನಲ್ಲಿಯೇ ನಡೆದವು. ಮಹಾಭಾರತದ ಕರ್ಣನು, ದುರ್ಯೋಧನನ ಪ್ರೀತಿಗಾಗಿ ಪಾಂಡವರನ್ನು ಕುರಿತು ಕಟುವಾದ ಮಾತುಗಳನ್ನಾಡಿದೆನೆಂದು ಕೃಷ್ಣನ ಮುಂದೆ ತಾನೇ ಪರಿತಪಿಸುವನು. ಅವನು ತನ್ನ ನಿಷ್ಠೆಯನ್ನು ಬಿಡಲೂ ಇಲ್ಲ, ಅದನ್ನು ನೆಪಮಾಡಿಕೊಂಡು ತಪ್ಪನ್ನು ಅಲ್ಲವೆನ್ನಲೂ ಇಲ್ಲ. ಟ್ವೈಸನಲ್ಲಿ ಮೊದಲಿನದುಂಟು, ಎರಡನೆಯದು ಇಲ್ಲ. ಅದಕ್ಕಾಗಿ ನಾನು ಅವನಿಗಾಗಿ ಮರುಗುವೆನು, ಅವನನ್ನು ಕರ್ಣನೆನ್ನಲಾರೆನು.

ಕಥೆಗಾರನು ಇದನ್ನು ಅರಿಯದವನಲ್ಲವೆಂಬುದಕ್ಕೆ ಎರಡು ಸಾಕ್ಷಿಗಳನ್ನು ಕೊಡುವೆನು. ಬೀದಿಯಲ್ಲಿ ಅಲೆಯುತ್ತಿದ್ದ ಶಿಗರಾಕಿಯನ್ನು ಎತ್ತಿಕೊಂಡವನು ಆಲ್ ಫಾರ್ ಒನ್ ಎಂಬ ಮಹಾಖಳ. ಅನ್ನ ಕೊಟ್ಟನು, ಹೆಸರು ಕೊಟ್ಟನು, ಸತ್ತ ಮನೆಯವರ ಕೈಗಳನ್ನೇ ಮೈಮೇಲೆ ಧರಿಸಲು ಕೊಟ್ಟು, ದುಃಖವು ಆರದಂತೆ ನೋಡಿಕೊಂಡನು. ಕೊನೆಗೆ ತಿಳಿಯುವುದೇನೆಂದರೆ, ಆ ಮನೆಯನ್ನು ನಾಶಮಾಡಿದ ಶಕ್ತಿಯನ್ನು ಕೂಸಿನ ಕೈಗೆ ಕೊಟ್ಟವನೂ ಅವನೇ. ಅವನಿಗೆ ಬೇಕಾಗಿದ್ದುದು ಮಗನಲ್ಲ, ತಾನು ಹೊಗಲು ಒಂದು ದೇಹ. ಎತ್ತಿಕೊಂಡವರೆಲ್ಲ ಬಂಧುಗಳಲ್ಲವೆಂಬುದನ್ನು ಇದಕ್ಕಿಂತ ಕಠಿಣವಾಗಿ ಹೇಳುವುದು ಹೇಗೆ? ಒಕ್ಕೂಟದಲ್ಲಿಯೂ ದಾಬಿ ಎಂಬವನೊಬ್ಬನು ತನಗೆ ಈ ಸಂಗಾತಿಗಳಲ್ಲಿ ಮಮತೆಯೇ ಇಲ್ಲವೆಂದು ನಡೆದುಕೊಳ್ಳುವನು. ಆದುದರಿಂದ ‘ಖಳರೆಲ್ಲ ಒಂದು ಮನೆಯವರು’ ಎಂದು ಹಾಡುವ ತರುಣರು ಚಿತ್ರವನ್ನು ನನ್ನಷ್ಟು ನಿಧಾನವಾಗಿ ನೋಡಿಲ್ಲ.

ಎರಡನೆಯದು ತೊಗಾಳ ಕಥೆ. ಟ್ವೈಸನು ಸತ್ತ ಬಳಿಕ ಅವಳು ಉರರಾಕಾ ಒಚಾಕೊ ಎಂಬ ವೀರವಿದ್ಯಾರ್ಥಿನಿಯನ್ನು ಎದುರಿಸಿ ಕೇಳುವ ಪ್ರಶ್ನೆ ಇದು: ವೀರರು ಜನರನ್ನು ಕಾಯುವರಷ್ಟೆ, ಜಿನ್ ಜನರಲ್ಲಿ ಸೇರಿದವನಲ್ಲವೆ? ವೀರಪಕ್ಷದವರಲ್ಲಿ ಆ ಹೊತ್ತಿಗೆ ಇದಕ್ಕೆ ಉತ್ತರವಿಲ್ಲ. ಅವಳು ಕೋಪದಿಂದ ಮತ್ತೆ ಕೊಲ್ಲಹೊರಡುವಳು. ಕೊನೆಯ ಯುದ್ಧದಲ್ಲಿ ಟ್ವೈಸನ ರಕ್ತವನ್ನೇ ಕುಡಿದು ಅವನ ಶಕ್ತಿಯನ್ನು ಬಳಸಿ ರಣರಂಗವನ್ನೆಲ್ಲ ತುಂಬುವಳು. ಇಲ್ಲಿಯವರೆಗೆ ಸ್ನೇಹವು ಕೊಲೆಗೆ ಎಣ್ಣೆಯೆರೆಯಿತು. ಆದರೆ ಒಚಾಕೊ, ತಾನೂ ಇರಿತ ತಿಂದು ರಕ್ತ ಸುರಿಯುತ್ತಿರುವಾಗಲೇ, ಅವಳ ಮಾತನ್ನು ಕೂತು ಕೇಳುವ ಒಬ್ಬಳಾದಳು. ಆಗ ತೊಗಾ ತನ್ನ ರಕ್ತವನ್ನು ಒಚಾಕೊಗೆ ಕೊಟ್ಟು ಅವಳನ್ನು ಉಳಿಸಿ ತಾನು ಸತ್ತಳು. ಆಯುಷ್ಯವೆಲ್ಲ ಪರರ ರಕ್ತವನ್ನು ಕುಡಿದವಳು! ಅವಳು ಮಾಡಿದ ಕೊಲೆಗಳು ಇದರಿಂದ ಅಳಿದವೆಂದು ಕಥೆಗಾರನು ಎಲ್ಲಿಯೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ತನ್ನವರ ಹೊರಗೂ ಒಬ್ಬಳು ತನ್ನವಳಾದಳೆಂಬುದಷ್ಟೇ ಅಲ್ಲಿ ನಡೆದುದು. ರನ್ನನ ದುರ್ಯೋಧನನು ರಣದಲ್ಲಿ ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲುವನೆಂಬುದನ್ನು ಮಿತ್ರರು ನೆನೆಯಲಿ. ಅದು ಶತ್ರುವಿನ ಮಗನ ಹೆಣ. ಅಲ್ಲಿ ಅವನು ಮೆಚ್ಚಿ ಕೈಮುಗಿಯುವುದರಿಂದಲೇ ಮುಂದೆ ಕರ್ಣನಿಗಾಗಿ ಅಳುವುದನ್ನು ನಾವು ಸಹಿಸಬಲ್ಲೆವು.

ಇಂತಹ ಕಥೆಯನ್ನು ಮನೆಯಿಂದ ಹೊರಗೆ ಹಾಕಬೇಕೆಂದು ಸಂಘವು ಪೋಷಕರಿಗೆ ಪತ್ರ ಬರೆಯತಕ್ಕದ್ದೆಂಬ ಸೂಚನೆಯನ್ನು ನಾನು ವಿರೋಧಿಸುವೆನು. ಎಂಟು ಹತ್ತು ವರ್ಷದ ಕೂಸುಗಳಿಗೆ ಇದರ ರಕ್ತಪಾತವು ತಕ್ಕುದಲ್ಲವೆಂದರೆ ಸರಿ, ಅಷ್ಟನ್ನು ಬರೆಯೋಣ. ಮಹಾಭಾರತದ ಸೌಪ್ತಿಕಪರ್ವವನ್ನೂ ನಾವು ಆ ವಯಸ್ಸಿನವರಿಗೆ ಓದಿಸುವುದಿಲ್ಲ. ದೊಡ್ಡ ಹುಡುಗರ ಮಾತು ಬೇರೆ. ಅವರು ಹೇಗೂ ನೋಡುವರು. ನಾವು ಜೊತೆಗೆ ಕುಳಿತರೆ, ಅಳುವ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಬಹುದು. ಮೊಮ್ಮಗಳಿಗೆ ನಾನು ಉತ್ತರವನ್ನೇನೂ ಹೇಳಲಿಲ್ಲ. ಆ ಊರಿನಲ್ಲಿ ಸತ್ತವರ ಮನೆಯಲ್ಲಿ ಈಗ ಯಾರು ಅಳುತ್ತಿರಬಹುದೆಂದು ಕೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, ಆ ಭಾಗವನ್ನು ಮತ್ತೊಮ್ಮೆ ಹಾಕಿದಳು.

ಮುಂದಿನ ತಿಂಗಳ ಗೋಷ್ಠಿಯಲ್ಲಿ ಈ ವಿಷಯವನ್ನು ಮತ್ತೆ ಎತ್ತಿಕೊಳ್ಳಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಂಡಿರುವೆನು. ಗದಾಯುದ್ಧದ ಪ್ರತಿಯನ್ನು ನಾನು ತರುವೆನು. ಕರ್ಣನಿಗ��ಗಿ ಅಳುವ ಭಾಗವನ್ನು ಮಾನ್ಯ ಮಿತ್ರರೇ ಓದಬೇಕು. ಮೊಮ್ಮಗಳು ಚಿತ್ರವನ್ನು ತೋರಿಸುವಳು.